ನೀರು ಕಳಿಸುವ ಪಾಳಿ

ನನ್ನ ತವರಿನಲ್ಲಿ ಬಚ್ಚಲ ನೀರು ಯಾರನ್ನೂ ಕೇಳದೆ ಹೋಗುತ್ತಿತ್ತು. ಗೋಡೆಯ ತೂತಿನಿಂದ ಹೊರಗೆ ಬಿದ್ದರೆ ಮುಗಿಯಿತು. ಅದು ಯಾವ ಹಳ್ಳ ಸೇರಿತು, ಯಾರ ಕೊಡ ತುಂಬಿತು ಎಂದು ನಾವು ತಲೆ ಕೆಡಿಸಿಕೊಂಡವರಲ್ಲ. ಹಾಗಾಗಿ ಈ ಊರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ಕಾಶವ್ವ ನನ್ನನ್ನು ಬೆಳಿಗ್ಗೆ ಎಬ್ಬಿಸಿ, "ನಡಿ ಸಾವಂತ್ರಿ, ಇವತ್ತ ನಮ್ಮ ಮನಿ ಪಾಳಿ ಐತಿ, ನೀರ ಕಳಿಸಿ ಬರೂಣು" ಎಂದಾಗ, ಹೊಲಕ್ಕೆ ನೀರು ಹಾಯಿಸುವ ಮಾತಿರಬೇಕೆಂದುಕೊಂಡು ಸೀರೆ ಎತ್ತಿ ಕಟ್ಟಿ ಹೊರಟೆ. ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ನಕ್ಕರು. "ನಿರಿಗಿ ಬಿಡಬೇ. ಮಗಳನ್ನ ಗಂಡನ ಮನಿಗೆ ಕಳಿಸಾಕ ಹಿಂಗ ಕಚ್ಚಿ ಹಾಕ್ಕೊಂಡ ಹೋಗ್ತಾರೇನ?"

ಊರಿನ ಎಲ್ಲ ಓಣಿಗಳ ಗಟಾರಗಳೂ ತಗ್ಗಿಗೆ, ನಮ್ಮ ಓಣಿಯ ಕಡೆಗೇ ಇಳಿದು ಬರುತ್ತವೆ. ಓಣಿ ದಾಟಿದರೆ ಹೊಂಡಗಳು. ಮೊದಲನೆಯದರಲ್ಲಿ ಉಸುಕು, ಬೂದಿ, ಅನ್ನದ ಅಗಳು ತಳಕ್ಕೆ ಕೂರುತ್ತವೆ, ಎಣ್ಣೆಯ ಜಿಡ್ಡು ಮೇಲೆ ತೇಲುತ್ತದೆ. ಪಾಳಿಯ ಮನೆಯವರು ಅದನ್ನು ಬಳಿದು ತಿಪ್ಪೆಗೆ ಹಾಕಬೇಕು. ಮುಂದೆ ನೀರು ಒರಟು ಕಲ್ಲಿನ ಮೆಟ್ಟಿಲುಗಳ ಮೇಲೆ ತೆಳ್ಳಗೆ ಹರಡಿಕೊಂಡು ಇಳಿಯುತ್ತದೆ. ಆ ಕಲ್ಲುಗಳ ಮೇಲೆಲ್ಲ ಕಂದು ಲೋಳೆ ಬೆಳೆದಿತ್ತು. ನಾನು ಸೆರಗಿನಿಂದ ಮೂಗು ಮುಚ್ಚಿದೆ. "ಅದಕ್ಕ ಹಂಗ ಮಾರಿ ಕಿವಚಬ್ಯಾಡ," ಎಂದರು ಅತ್ತೆ. "ಊರ ಹೊಲಸೆಲ್ಲಾ ತಿಂದ ಬದುಕೂದು ಅದ. ನಿನ್ನ ಹೊಟ್ಟಿಗಿಂತ ಅದರ ಹೊಟ್ಟಿ ಗಟ್ಟಿ." ಮೆಟ್ಟಿಲು ಇಳಿದ ನೀರು ಜೊಂಡಿನ ಪೊದೆಯೊಳಗೆ ಹೊಕ್ಕು, ಬೇರುಗಳ ಸಂದಿಯಲ್ಲಿ ಅವಸರವಿಲ್ಲದೆ ಅಡ್ಡಾಡಿ, ಆಚೆ ತುದಿಯಲ್ಲಿ ಒಂದು ಕಿರುಗಾಲುವೆಯಾಗಿ ಹೊರಬರುತ್ತಿತ್ತು. ಅದರ ಕೊನೆಗೆ ಊರಿನ ಗಡಿ. ಗಡಿಯಲ್ಲಿ ಸೊಂಟದೆತ್ತರದ ಒಂದು ಕರಿಗಲ್ಲು. ಅದಕ್ಕೆ ಇಲ್ಲಿಯವರು ಕಳಿಸೋ ಕಲ್ಲು ಎನ್ನುತ್ತಾರೆ.

ನೀರು ಆ ಕಲ್ಲಿನ ನೇರಕ್ಕೆ ಬಂದು ನಿಂತಿತ್ತು. ತಡೆಯಲು ಅಲ್ಲಿ ಹಲಗೆಯಿರಲಿಲ್ಲ, ಒಡ್ಡು ಇರಲಿಲ್ಲ, ಒಂದು ಬೊಗಸೆ ಮಣ್ಣೂ ಇರಲಿಲ್ಲ. ಗೆರೆಯ ಈಚೆಗೆ ಮೊಣಕಾಲುದ್ದ ನೀರು, ಆಚೆಗೆ ಒಣ ಉಸುಕು. ನೀರಿನ ಆ ಮುಖ ತಂತಿಯ ಮೇಲೆ ಒಣಹಾಕಿದ ತೆಳು ಸೀರೆಯ ಹಾಗೆ ನೆಟ್ಟಗೆ ನಿಂತು ಸಣ್ಣಗೆ ನಡುಗುತ್ತಿತ್ತು. ಅದರೊಳಗೆ ಒಂದು ಕಪ್ಪೆಮರಿ ಕಿಟಕಿಯಲ್ಲಿ ನಿಂತು ಬೀದಿ ನೋಡುವವರ ಹಾಗೆ ನಮ್ಮನ್ನು ನೋಡುತ್ತಿತ್ತು. ಅತ್ತೆ ನನ್ನ ಕೈ ಹಿಡಿದು ನೀರಿನೊಳಗೆ ಅದ್ದಿ, ಹಾಗೆಯೇ ಮುಂದಕ್ಕೆ ತಳ್ಳಿದರು. ಬೆರಳುಗಳು ಗೆರೆ ದಾಟಿದವು. ದಾಟಿದ ಬೆರಳು ಒಣಗಿದ್ದವು. ಈಚೆ ಉಳಿದ ಮೊಣಕೈ ಮಾತ್ರ ಒದ್ದೆ. ನಾನು ಕೈ ಎಳೆದುಕೊಂಡು ಎದೆಗೆ ಒತ್ತಿ ಹಿಡಿದೆ.

ಅತ್ತೆ ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿದರು, ನೀರಿಗೆ ಒಂದು ಕಣವೂ ಬೀಳದ ಹಾಗೆ ಅಂಗೈ ಅಡ್ಡ ಹಿಡಿದು. ಆಮೇಲೆ ಬಾಗಿ, ಕಿವಿಯಲ್ಲಿ ಹೇಳುವಷ್ಟು ಮೆಲ್ಲಗೆ, "ಹೋಗಿ ಬಾ" ಎಂದರು. ಮೊದಲು ಏನೂ ಆಗಲಿಲ್ಲ. ಆಮೇಲೆ ನೀರಿನ ಆ ಮುಖ ಕೆಳಗಿನಿಂದ ಸಡಿಲವಾಯಿತು. ಸದ್ದಿಲ್ಲದೆ ಉಸುಕಿನ ಮೇಲೆ ಹೆಜ್ಜೆಯಿಟ್ಟಿತು. ಸ್ವಲ್ಪ ದೂರ ಹೋದ ಮೇಲೆಯೇ ಅದಕ್ಕೆ ಗಲಗಲ ಎನ್ನುವ ದನಿ ಬಂದದ್ದು. ಕೆಳಗಿನ ಊರಿನ ಹೆಂಗಸರು ಅಲ್ಲಿ ಕೊಡ ಹಿಡಿದು ಕಾಯುತ್ತಾರೆ ಎಂದು ಅತ್ತೆ ಹೇಳಿದರು. ಯಾಕೆ ಹೀಗೆ ನಿಲ್ಲುತ್ತದೆ ಎಂದು ನಾನು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಹೊಲಸ ಇದ್ರ ಹೆಂಗ ಹೋಗಬೇಕು ಅದು? ನಿಮ್ಮೂರಾಗ ಹಂಗ ಹೊಂಟಬಿಡತೈತೇನ, ಮಾರಿ ತೊಳಕೊಳ್ಳದ?"

ನಿಧಾನಕ್ಕೆ ನಾನೂ ಕಲಿತೆ. ಇಲ್ಲಿ ಫಿನಾಯಿಲು ಯಾರ ಮನೆಗೂ ಬರುವುದಿಲ್ಲ. ಒಗೆಯುವ ಪುಡಿ ಹೆಚ್ಚಾದರೆ ನೀರು ಹೋಗುತ್ತದೆ, ಆದರೆ ನೊರೆಯನ್ನು ಕಲ್ಲಿನ ಹತ್ತಿರವೇ ಬಿಟ್ಟು ಹೋಗುತ್ತದೆ. ಪಾಳಿಯವರು ಅದನ್ನು ಬುಟ್ಟಿಯಲ್ಲಿ ತುಂಬಿಕೊಂಡು ಬೈಯುತ್ತಾ ಬರುತ್ತಾರೆ. ಸೀರೆ ನೆನೆಹಾಕುವ ಮೊದಲು ಸೆರಗಿನ ಗಂಟು ಬಿಚ್ಚಿ ನೋಡುವುದು ಇಲ್ಲಿಯ ಹೆಂಗಸರಿಗೆ ಉಸಿರಾಡಿದಷ್ಟು ರೂಢಿ. ತಂಬಾಕೋ ಕುಂಕುಮವೋ ನೀರಿಗೆ ಹೋಗಬಾರದು. ಹಿರಿಯರಾದ ಮಲಕಾಜಪ್ಪನವರು ಒಮ್ಮೆ ಮಗನ ಮದುವೆಗೆಂದು ಗುಟ್ಟಾಗಿ ತಲೆಗೂ ಮೀಸೆಗೂ ಕಪ್ಪು ಹಚ್ಚಿಕೊಂಡು ತೊಳೆದುಕೊಂಡರಂತೆ. ಬೆಳಿಗ್ಗೆ ಹೋಗಿ ಬಾ ಎಂದರೂ ನೀರು ನಿಂತೇಬಿಟ್ಟಿತು. ಊರಿನವರು ಮನೆಮನೆ ಕೇಳುತ್ತ ಬಂದು, ಅವರ ಬಾಗಿಲಲ್ಲಿ ಅವರ ಮೀಸೆ ನೋಡಿ, ಏನೂ ಕೇಳದೆ ಹಿಂದಿರುಗಿದರಂತೆ. ಊರಿನ ಹೊಂಡಗಳನ್ನು ನೋಡಿಕೊಳ್ಳುವ ಹೊಣೆಯೂ ಅವರದೇ. ಇವತ್ತಿಗೂ ಅವರು ಎದುರು ಬಂದರೆ ಹೆಂಗಸರು ಸೆರಗಿನಲ್ಲಿ ನಗುತ್ತಾರೆ.

ಎಲ್ಲರಿಗಿಂತ ಹೆಚ್ಚು ಜಾಗ್ರತೆ ಮಾಡುವವನು ಗೂಳಪ್ಪ. ನೂಲಿಗೆ ಬಣ್ಣ ಹಾಕುವ ಮನೆತನ. ಅವನ ಗಡಿಗೆಗಳಿಂದ ಬಂದ ನೀರಿಗೆ ಸುಣ್ಣ, ಪಟಕ ಹಾಕಿ, ಬಣ್ಣವೆಲ್ಲ ತಳಕ್ಕೆ ಕೂರಿಸಿ, ಗಸಿಯನ್ನು ಬೇರೆ ತೆಗೆದಿಟ್ಟು ಆಮೇಲೆಯೇ ಗಟಾರಕ್ಕೆ ಬಿಡುತ್ತಿದ್ದ. ಆದರೂ ನೀರು ಎಂದಾದರೂ ತಡವರಿಸಿದರೆ ಮೊದಲು ಎಲ್ಲರ ಕಣ್ಣು ಅವನ ಮನೆಯ ಕಡೆಗೇ ಹೋಗುತ್ತಿತ್ತು.

ಅತ್ತೆಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡ ವರ್ಷ ನನ್ನ ಗಂಡ ಈರಣ್ಣ ಅವರನ್ನು ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಕೊಯ್ದು ತೆಗೆದರು. ಬದುಕಿದರು. ಆದರೆ ಒಂದು ಬಿಳಿ ಗುಳಿಗೆಯನ್ನು ದಿನಾ ತಪ್ಪದೆ ವರ್ಷಗಟ್ಟಲೆ ನುಂಗಬೇಕು, ಬಿಟ್ಟರೆ ಗಂಟು ತಿರುಗಿ ಬರುತ್ತದೆ ಎಂದು ಡಾಕ್ಟರು ಮತ್ತೆ ಮತ್ತೆ ಹೇಳಿ ಕಳಿಸಿದ್ದರು. ಅತ್ತೆ ಮನೆಗೆ ಬಂದ ಮೇಲೆ ಗುಳಿಗೆಗೆ "ನನ್ನ ಸಣ್ಣ ಸವತಿ" ಎಂದು ಹೆಸರಿಟ್ಟರು. ಊಟವಾದ ಮೇಲೆ "ಎಲ್ಲಿ ಅದಾಳವಾ ನನ್ನ ಸವತಿ?" ಎಂದು ಕೇಳಿ ಇಸಿದುಕೊಂಡು ನುಂಗುತ್ತಿದ್ದರು.

ಅದಾಗಿ ಸ್ವಲ್ಪ ದಿನಕ್ಕೆ ಊರಿನ ನೀರು ನಿಂತಿತು. ಪಾಳಿಯವರು ಹೋಗಿ ಬಾ ಎಂದರು, ನೀರು ಅಲ್ಲಾಡಲಿಲ್ಲ. ಮರುದಿನವೂ ಇಲ್ಲ. ಊರೆಲ್ಲ ನೋಡಲು ಹೋಯಿತು, ನಾನೂ ಹೋದೆ. ಅಷ್ಟು ತಿಳಿಯಾದ ನೀರನ್ನು ನಾನು ಅಲ್ಲಿ ಎಂದೂ ಕಂಡಿರಲಿಲ್ಲ. ಹೊಲಸಾಗಿ ನಿಂತ ನೀರಿಗೆ ಬಣ್ಣವೋ ವಾಸನೆಯೋ ಇರುತ್ತಿತ್ತು. ಇದು ಗಾಜಿನ ಹಾಗೆ ಇತ್ತು. ತಳದ ಹರಳುಗಳನ್ನು ಒಂದೊಂದಾಗಿ ನೋಡಬಹುದಿತ್ತು. ಎದೆಮಟ್ಟಕ್ಕೆ ಏರಿ ನಿಂತ ಆ ನೀರಿನಾಚೆ ಒಣ ಹಳ್ಳ, ಹಳ್ಳದಾಚೆ ಕೊಡ ಹಿಡಿದ ಹೆಂಗಸರು ನಡುಗುತ್ತಾ ಕಾಣುತ್ತಿದ್ದರು. ಇಷ್ಟು ಚೆಂದದ ನೀರಿನೊಳಗೆ ಏನು ಅಡಗಿರಬಹುದು ಎಂಬ ಹೆದರಿಕೆಯೊಂದು ಎಲ್ಲರ ಮುಖದಲ್ಲಿತ್ತು.

"ಗೂಳಪ್ಪಂದು ಹೊಸಾ ಕೆಂಪ ಬಣ್ಣ ಬಂದೈತಲ್ಲ, ಅದ ಇರಬೇಕು," ಎಂದರು ಯಾರೋ. ಗೂಳಪ್ಪ, "ಕೆಂಪ ಇದ್ರ ಕೆಂಪ ಕಾಣೂದಿಲ್ಲೇನ್ರಪಾ?" ಎಂದ. ಅವನ ಮಾತು ನಡೆಯಲಿಲ್ಲ. ಮಲಕಾಜಪ್ಪನವರು ಗಡಿಗೆ ಇಳಿಸಲು ಹೇಳಿದರು. ಅವನು ಇಳಿಸಿದ. ಒಲೆಗಳು ತಣ್ಣಗಾದವು, ನೂಲಿನ ಲಡಿಗಳು ಬಿಳಿಯಾಗಿಯೇ ಜೋತುಬಿದ್ದವು. ನೀರು ನಿಂತೇ ಇತ್ತು. ಮೊದಲು ನಮ್ಮ ಓಣಿಯ ಗಟಾರ ತುಂಬಿತು, ಆಮೇಲೆ ಬಚ್ಚಲುಗಳು.

ಕೊನೆಗೆ ಓಣಿ ಓಣಿ ಹುಡುಕುವ ಹಾದಿ ಹಿಡಿದರು. ಒಂದು ದಿನ ಒಂದು ಓಣಿಯವರು ತಮ್ಮ ನೀರನ್ನು ಹಿತ್ತಲಿನಲ್ಲೇ ತಡೆದಿಡಬೇಕು. ನಮ್ಮ ಓಣಿಯವರು ತಡೆದ ದಿನ ನೀರು ಹೋಯಿತು. ಆಮೇಲೆ ಮನೆ ಮನೆ. ನಾವು ತಡೆದ ದಿನ ಹೋಯಿತು. ಮಲಕಾಜಪ್ಪನವರು ನಮ್ಮ ಅಂಗಳಕ್ಕೆ ಬಂದರು. ನಮ್ಮ ಮನೆಯಲ್ಲಿ ಹೊಸದಾಗಿ ಬಂದದ್ದು ಏನು ಎಂದು ಊರಿಗೆಲ್ಲ ಗೊತ್ತಿತ್ತು. ಅತ್ತೆ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮಲಕಾಜಪ್ಪನವರು ಅವರ ಮುಖ ನೋಡಲಿಲ್ಲ. "ನಿಮ್ಮ ನೀರ ಒಂದೀಟ ದಿನ ಹಿತ್ತಲಾಗ ಹಿಡದ ಇಡ್ರಿ ಕಾಶಕ್ಕ. ಏನರೆ ಹಾದಿ ನೋಡೂಣು," ಎಂದಷ್ಟೇ ಹೇಳಿ ಹೋದರು. ನುಂಗಿದ ಗುಳಿಗೆ ಮೈಯಿಂದ ಬಚ್ಚಲ ನೀರಿಗೆ ಇಳಿಯುತ್ತದೆ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಹೇಳಿದರೆ ಅದು ಒಬ್ಬ ಹೆಂಗಸಿಗೆ ಸಾಯಿ ಎಂದು ಹೇಳಿದ ಹಾಗೆ.

ಹಿತ್ತಲಿನಲ್ಲಿ ಈರಣ್ಣ ತೋಡಿದ ತಗ್ಗು ತುಂಬುತ್ತಾ ಬಂತು. ಅದು ತುಂಬುವ ಮುಂಚೆ ಒಂದು ದಿನ ಅತ್ತೆಯೇ ಮಲಕಾಜಪ್ಪನವರಿಗೆ ಹೇಳಿ ಕಳಿಸಿದರು: "ನನ್ನ ಮೈ ಸಾಬೂನ ಬದಲ ಮಾಡೀನಿ. ಆಸ್ಪತ್ರಿಂದ ತಂದದ್ದು, ಅದ್ರಾಗ ಏನೋ ಔಷಧ ಇತ್ತು. ಈಗ ನೀರ ಬಿಡ್ತೀವಿ, ನೋಡ್ರಿ." ಬಿಟ್ಟೆವು. ಅದಾದ ಮೂರ್ನಾಲ್ಕು ದಿನಕ್ಕೆ ನೀರು ಹೋಗತೊಡಗಿತು. "ಸಾಬೂನ ನೋಡ್ರಪಾ! ಒಂದ ಸಾಬೂನ ಇಡೀ ಊರನ್ನ ನಿಲ್ಲಿಸಿಬಿಟ್ಟಿತ್ತು!" ಎಂದು ಜನ ಕಟ್ಟೆಗಳ ಮೇಲೆ ಕೂತು ನಕ್ಕರು. ನಾನೂ ನಕ್ಕೆ. ಗೂಳಪ್ಪನ ಒಲೆಗಳು ಮತ್ತೆ ಹೊತ್ತಿದವು, ಆದರೆ ಅವನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಆ ದಿನಗಳಲ್ಲಿ ಅತ್ತೆಯ ಒಂದು ಮಾತು ನನ್ನ ಕಿವಿಗೆ ಚುಚ್ಚುತ್ತಿತ್ತು. ನಮ್ಮಲ್ಲಿ ಯಾರೂ ಹೊಸ್ತಿಲು ದಾಟುವಾಗ ಹೋಗುತ್ತೇನೆ ಎನ್ನುವುದಿಲ್ಲ. ಪಕ್ಕದ ಮನೆಗೆ ಮಜ್ಜಿಗೆ ತರಲು ಹೋದರೂ ಹೋಗಿ ಬರುತ್ತೇನೆ ಎನ್ನಬೇಕು. ಬರಿದೇ ಹೋಗುತ್ತೇನೆ ಎಂದರೆ ತಿರುಗಿ ಬರುವ ಮನಸ್ಸಿಲ್ಲ ಎಂದರ್ಥ. ಅಂಥ ಮಾತಾಡಿದ್ದಕ್ಕೆ ನನ್ನನ್ನೇ ಅತ್ತೆ ಎಷ್ಟು ಸಲ ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ, ಮತ್ತೆ ಸರಿಯಾಗಿ ಹೇಳಿಸಿ ಕಳಿಸಿದ್ದರು. ಈಗ ಅವರೇ ಗುಡಿಗೆ ಹೊರಟರೂ ಅಂಗಡಿಗೆ ಹೊರಟರೂ, "ನಾ ಹೋಗ್ತೀನಿ ಸಾವಂತ್ರಿ" ಎನ್ನುತ್ತಿದ್ದರು. ವಯಸ್ಸಾಯಿತು, ಮರೆವು ಎಂದುಕೊಂಡೆ.

ನಮ್ಮ ಪಾಳಿ ಬಂದ ಬೆಳಿಗ್ಗೆ ಅವರು ತಾವೇ ಕಲ್ಲಿನ ಕಡೆ ಹೊರಟರು. "ನೀ ಒಗ್ಯಾಣ ಮುಗಸು. ನಾ ಹೋಗ್ತೀನಿ." ನಾನು ಅವರ ಹಿಂದಿನ ದಿನದ ಸೀರೆ ಎತ್ತಿಕೊಂಡು, ರೂಢಿಯಂತೆ ಸೆರಗಿನ ತುದಿ ಬಿಚ್ಚಿದೆ. ಗಂಟಿನೊಳಗಿಂದ ಬಿಳಿ ಗುಳಿಗೆಗಳು ನನ್ನ ಅಂಗೈಗೆ ಉದುರಿದವು. ಒಂದಲ್ಲ, ಎರಡಲ್ಲ, ಬೊಗಸೆಯ ತಳ ತುಂಬುವಷ್ಟು. ದಿನಾ ಊಟವಾದ ಮೇಲೆ ನಾನು ಕೊಟ್ಟ ಸವತಿಯರೆಲ್ಲ ಅಲ್ಲಿದ್ದರು. ನೀರಿಗೂ ಬಿಸಾಡಿರಲಿಲ್ಲ, ತಿಪ್ಪೆಗೂ ಬಿಸಾಡಿರಲಿಲ್ಲ. ಎಲ್ಲಿ ಬಿಸಾಡಿದರೂ ಊರಿಗೆ ಮುಟ್ಟುತ್ತದೆ ಎಂದು ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದ್ದರು.

ನಾನು ಓಡಿದೆ. ಹೊಂಡ ದಾಟಿ, ಮೆಟ್ಟಿಲು ದಾಟಿ, ಜೊಂಡಿನ ಅಂಚಿನಲ್ಲಿ ಕಾಲು ಜಾರಿ, ಮೊಣಕಾಲಿಗೆ ಕೆಸರು ಮೆತ್ತಿಕೊಂಡು ಕಲ್ಲಿನ ಹತ್ತಿರ ಬಂದಾಗ ಅತ್ತೆ ಅರಿಸಿನ ಹಚ್ಚಿ ಮುಗಿಸಿದ್ದರು. ಮಲಕಾಜಪ್ಪನವರಿದ್ದರು. ಕಾಲುವೆಯ ಬಣ್ಣ ನೋಡಿಕೊಂಡು ಹೋಗಲು ಬಂದ ಗೂಳಪ್ಪನಿದ್ದ. ನಾಲ್ಕಾರು ಹೆಂಗಸರೂ ಇದ್ದರು. ನೀರು ಹೊರಡಲು ತಯಾರಾಗಿ ತೆಳ್ಳಗೆ ಹೊಳೆಯುತ್ತಾ ನಿಂತಿತ್ತು.

"ಹೇಳಬ್ಯಾಡ್ರಿ ಅತ್ತಿ," ಎಂದೆ. ಮುಷ್ಟಿ ಬಿಚ್ಚಿದೆ.

ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಮಲಕಾಜಪ್ಪನವರು ಗುಳಿಗೆಗಳನ್ನು ನೋಡಿದರು, ನೀರನ್ನು ನೋಡಿದರು. "ಹಂಗಾರ ಸಾಬೂನ ಅಲ್ಲ," ಎಂದರು ಮೆಲ್ಲಗೆ.

"ಏನ ಈಗ?" ಎಂದರು ಅತ್ತೆ, ನನ್ನ ಮೇಲೆ ರೇಗಿ. "ಊರ ಮಂದಿ ಬಚ್ಚಲದಾಗ ನೀರ ನಿಂತ ಕೂಸು ಕುನ್ನಿ ಜಾರಿ ಬೀಳಬೇಕೇನ? ಕೆಳಗಿನ ಊರವ್ರು ಖಾಲಿ ಕೊಡಾ ಹೊತ್ತ ಹೊಳ್ಳಿ ಹೋಗಬೇಕೇನ? ನಾ ಏನ ಬಾಳ ದೊಡ್ಡಾಕಿ? ಕಂಡೀನಿ, ಉಂಡೀನಿ, ಸಾಕು. ಸರಿ ಅತ್ಲಾಗ, ನೀರಿಗೆ ಹೊತ್ತಾತು."

"ನಮಗ ಗೊತ್ತಿತ್ತು ಕಾಶಕ್ಕ," ಎಂದರು ಮಲಕಾಜಪ್ಪನವರು. "ಗುಳಿಗಿನ ಅಂತ ನಮಗ ಗೊತ್ತಿತ್ತು. ಸಾಬೂನ ಅಂದಾಗ ನಂಬಿಬಿಟ್ವಿ. ನಂಬೂದು ಹಗುರಿತ್ತು."

ಆಗ ಗೂಳಪ್ಪ ಬಾಯಿ ಬಿಟ್ಟ. ಅಷ್ಟು ದಿನ ಮುಚ್ಚಿಟ್ಟುಕೊಂಡ ಸಿಟ್ಟೆಲ್ಲ ಅವನ ದನಿಯಲ್ಲಿತ್ತು. "ನನ್ನ ಒಲಿ ತಣ್ಣಗ ಮಾಡಿದ್ರಿ. ಆತು, ಮಾಡಿದ್ರಿ. ಈಗ ಈ ಮುದುಕಿನ್ನೂ ತಣ್ಣಗ ಮಾಡೂ ವಿಚಾರ ಐತೇನ ಊರಿಗೆ? ನೀರ ಬ್ಯಾಡ ಅಂದದ್ದು ಗುಳಿಗಿನ್ನ. ಮುದುಕಿನ್ನ ಬ್ಯಾಡ ಅಂತ ಎಲ್ಲಿ ಅಂದೈತಿ ಅದು?"

"ಮುದುಕಿ ಯಾರಲೇ?" ಎಂದರು ಅತ್ತೆ.

ಅಳುತ್ತಿದ್ದ ನನಗೂ ನಗು ಬಂತು. ಗೂಳಪ್ಪ ಮಾತ್ರ ನಗಲಿಲ್ಲ. ನೀರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅದರೊಳಗೇ ನೋಡುತ್ತಾ ಹೇಳಿದ: "ಸುಣ್ಣ ಪಟಕಕ್ಕ ಬಗ್ಗದ ಬಣ್ಣ ಕೆಲವು ಇರ್ತಾವು. ಅಂಥವನ್ನ ನಮ್ಮಪ್ಪ ಇದ್ದಲಿ ಮ್ಯಾಲಿಂದ ಇಳಸ್ತಿದ್ದ. ಕೊಬ್ಬರಿ ಚಿಪ್ಪಿನ ಇದ್ದಲಿ. ಗಾಳಿ ಆಡದಂಗ ಗಡಿಗ್ಯಾಗ ಮುಚ್ಚಿ ಸುಡಬೇಕು. ಬಣ್ಣ ಅದಕ್ಕ ಹತ್ತಿ ಕುಂಡ್ರತೈತಿ, ನೀರ ಬರೇ ನೀರಾಗಿ ಇಳೀತೈತಿ. ಗುಳಿಗಿಗೆ ಹತ್ತತೈತೋ ಇಲ್ಲೋ ನನಗ ಗೊತ್ತಿಲ್ಲ. ಮಾಡಿ ನೋಡೂಣು."

"ಮಾಡೂಣು," ಎಂದರು ಮಲಕಾಜಪ್ಪನವರು. "ಇಕಿ ಹಿತ್ತಲಾಗ ಮಾಡಿದ್ರ ಸಣ್ಣದ ಆಕ್ಕೈತಿ. ಜೊಂಡಿನ ಆಚಿ, ಊರ ನೀರೆಲ್ಲಾ ಹಾಯೂ ಜಾಗಾದಾಗ ಮಾಡೂಣು. ನಾಳೆ ನನ್ನ ಮನ್ಯಾಗೂ ಗುಳಿಗಿ ಬರ್ತಾವು. ಯಾರ ಮನಿಗೆ ಬರೂದಿಲ್ಲ?" ಆಮೇಲೆ ಅತ್ತೆಯ ಕಡೆ ತಿರುಗಿ, ಊರಿನ ಹಿರಿಯರಂತಲ್ಲ, ತಮ್ಮನಂತೆ ಹೇಳಿದರು. "ಮೊದಲ ಗುಳಿಗಿ ನುಂಗಕ್ಕಾ."

ಅತ್ತೆ ನನ್ನ ಅಂಗೈಯಿಂದ ಒಂದು ಗುಳಿಗೆ ಆರಿಸಿಕೊಂಡರು. ನುಂಗಲು ಅಲ್ಲಿ ತಂಬಿಗೆಯಿರಲಿಲ್ಲ. ಅವರು ಬಾಗಿ, ನಿಂತ ನೀರಿನಿಂದಲೇ ಒಂದು ಬೊಗಸೆ ಎತ್ತಿದರು. ಇಡೀ ಊರು ಮಿಂದು, ತೊಳೆದು, ಚೆಲ್ಲಿದ ನೀರು. "ಕೆಳಗಿನ ಊರವ್ರು ಕುಡೀತಾರ, ನಾ ಕುಡೀಬಾರದೇನ?" ಎಂದು ಗುಳಿಗೆ ಬಾಯಿಗೆ ಹಾಕಿಕೊಂಡು ಕುಡಿದರು. ಹೆಂಗಸರು ಕೈ ಮುಗಿದರು. ಅವರು ಕೈ ಮುಗಿದದ್ದು ಅತ್ತೆಗೋ ನೀರಿಗೋ ನನಗೆ ತಿಳಿಯಲಿಲ್ಲ. ಆ ದಿನದ ನೀರನ್ನು ನಾನೇ ಕಳಿಸಿದೆ. ಇನ್ನು ಎಷ್ಟು ದಿನಕ್ಕೆ ಈ ಮಾತು ಹೇಳುವುದೋ ಎಂದುಕೊಂಡೇ ಹೇಳಿದೆ.

ನೀರು ಮತ್ತೆ ನಿಂತಿತು. ಈ ಸಲ ಅದು ಯಾಕೆ ನಿಂತಿದೆ ಎಂದು ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಯಾರೂ ಹೆದರಲಿಲ್ಲ. ತಗ್ಗಿನ ಓಣಿಯವರು ಮೇಲಿನ ಓಣಿಯ ಮನೆಗಳಿಗೆ ಮೀಯಲು ಹೋದರು. ಮೇಲಿನವರು ಅರ್ಧ ನೀರಿನಲ್ಲಿ ಪಾತ್ರೆ ತೊಳೆಯಲು ಕಲಿತರು. ಕೆಳಗಿನ ಊರಿಗೆ ಬಂಡಿಯಲ್ಲಿ ಬಾವಿ ನೀರು ಹೋಯಿತು. ಊರೆಲ್ಲ ಚಿಪ್ಪು ಕೂಡಿಸಿತು. ಗುಡಿಯಲ್ಲಿ ಒಡೆದ ಕಾಯಿಯ ಚಿಪ್ಪು, ಖಾನಾವಳಿಯ ಹಿತ್ತಲಿನಲ್ಲಿ ರಾಶಿ ಬಿದ್ದ ಚಿಪ್ಪು, ಹೊಗೆಗೆ ಕಪ್ಪಾದ ಹಳೆಯ ಸೌಟುಗಳ ಚಿಪ್ಪು. ನನ್ನ ತವರಿನಿಂದ ಅಣ್ಣ ಒಂದು ಚೀಲ ತಂದು, ಕಲ್ಲಿನ ಹತ್ತಿರ ನಿಂತ ನೀರನ್ನು ನೋಡಿ, ಚಪ್ಪಲಿ ಬಿಟ್ಟು ನಿಂತುಕೊಂಡ. ಗೂಳಪ್ಪ ಬಣ್ಣದ ಗಡಿಗೆಗಳಲ್ಲಿ ಚಿಪ್ಪು ತುಂಬಿ, ಬಾಯಿಗೆ ಮಣ್ಣು ಮೆತ್ತಿ ಸುಟ್ಟ. ಜೊಂಡಿನಾಚೆ ತೋಡಿದ ತಗ್ಗಿಗೆ ಇದ್ದಲಿ ಸುರಿದೆವು. ನೀರು ಅದರ ಮೇಲೆ ಹಾಯ್ದು ಬಂದು ಕಲ್ಲಿನ ಹತ್ತಿರ ನಿಂತಿತು. ಹೋಗಲಿಲ್ಲ.

"ದೊಡ್ಡ ದೊಡ್ಡ ಚೂರ ಅದಾವು," ಎಂದ ಗೂಳಪ್ಪ. "ನೀರ ಓಡಿ ಬರಾಕತ್ತೈತಿ. ತಡದ ಮಾತಾಡಸಬೇಕು ಅದನ್ನ." ಹೆಂಗಸರೆಲ್ಲ ಕೂತು ಇದ್ದಲಿಯನ್ನು ಒರಳಿನಲ್ಲಿ ಕುಟ್ಟಿದೆವು. ಮೂಗು, ಹುಬ್ಬು, ಹಲ್ಲು ಎಲ್ಲ ಕಪ್ಪು. "ಮಲಕಾಜಣ್ಣನ ಮೀಸಿಗೆ ಈಗ ಬಣ್ಣ ಬ್ಯಾಡ," ಎಂದು ಅತ್ತೆ ಕೂಗಿದರೆ, ಮಲಕಾಜಪ್ಪನವರೂ ಮೀಸೆ ತಿರುವಿ ನಕ್ಕರು. ಕುಟ್ಟಿದ್ದನ್ನು ಉಸುಕಿನ ಪದರಗಳ ನಡುವೆ ಹಾಸಿದೆವು. ನೀರು ಈಗ ಹನಿಹನಿಯಾಗಿ, ಪೂರ್ತಿ ಕೇಳಿಸಿಕೊಂಡು ಬರುವವರ ಹಾಗೆ ಇಳಿಯತೊಡಗಿತು. ಊಟವಾದ ಮೇಲೆ ನೆರೆಮನೆಯವರು ನಮ್ಮ ಪಡಸಾಲೆಗೆ ಬಂದು, "ಎಲ್ಲಿ, ಆ ಮಾಡ್ರಿ" ಎಂದು ಅತ್ತೆಯ ಬಾಯಿ ನೋಡಿ ಹೋಗುವುದು ಹೊಸ ರೂಢಿಯಾಯಿತು. ಅತ್ತೆ ನಾಲಿಗೆ ಹೊರಚಾಚಿ ಅವರನ್ನು ಅಣಕಿಸುತ್ತಿದ್ದರು.

ಕಲ್ಲಿನ ಹತ್ತಿರ ಆದ ಬದಲು ಬಹಳ ಸಣ್ಣದಾಗಿ ಶುರುವಾಯಿತು. ಒಂದು ಬೆಳಿಗ್ಗೆ ನಿಂತ ನೀರಿನ ಬುಡದಲ್ಲಿ, ಗೆರೆಯಾಚೆಗೆ, ಉಸುಕು ಒಂದು ಬೆರಳಗಲ ಕಪ್ಪಗಾಗಿತ್ತು. ನಾವು ಬಗ್ಗಿ ಮುಟ್ಟಿ ನೋಡಿದೆವು. ತೇವ. ಮರುದಿನ ಒಂದು ಗೇಣು. ಗೂಳಪ್ಪ ಗುಳಿಗೆಯ ಅಂಶ ಅಂಟಿಕೊಂಡು ತುಂಬಿದ್ದ ಇದ್ದಲಿಯನ್ನು ತೆಗೆದು, ಯಾವ ತಿಪ್ಪೆಗೂ ಹಾಕದೆ ಮತ್ತೆ ಗಡಿಗೆಯಲ್ಲಿ ಮುಚ್ಚಿ ಕೆಂಪಗೆ ಕಾಯಿಸಿ ತಂದು ಹಾಸಿದ. ಆಮೇಲೆ ನಮ್ಮ ಪಾಳಿ ಬಂತು.

ಅತ್ತೆ ಆ ಬೆಳಿಗ್ಗೆ ಹೊಸ ಸೀರೆ ಉಟ್ಟರು. ಹೊಸ್ತಿಲು ದಾಟುವಾಗ ನಾನು ಬೇಕೆಂದೇ ಒಳಗೆ ಉಳಿದು ಕಿವಿಗೊಟ್ಟೆ. "ಹೋಗಿ ಬರೂಣು ನಡಿಬೇ, ಎಷ್ಟೊತ್ತ ನಿಂದು?" ಎಂದು ಅವರು ಕೂಗಿದರು. ನಾನು ಕಣ್ಣೊರೆಸಿಕೊಂಡು ಹೊರಗೆ ಬಂದೆ.

ಊರೆಲ್ಲ ಜೊಂಡಿನಂಚಿನಲ್ಲಿ ನಿಂತಿತ್ತು. ನೀರು ಎದೆಮಟ್ಟಕ್ಕೆ, ಸೂರ್ಯ ಅದರ ಹಿಂದಿನಿಂದ ಏರುತ್ತಿದ್ದ; ಇಡೀ ಗೋಡೆ ಒಳಗಿನಿಂದ ದೀಪ ಹಚ್ಚಿದ ಹಾಗಿತ್ತು. ಅತ್ತೆ ಕಲ್ಲಿಗೆ ಅರಿಸಿನ ಹಚ್ಚಿ, ಸೆರಗಿನ ತುದಿಯಲ್ಲಿ ಕೈ ಒರೆಸಿಕೊಂಡರು. ತುದಿಯಲ್ಲಿ ಗಂಟಿರಲಿಲ್ಲ. ಆಮೇಲೆ ಅವರು ಕೈಯನ್ನು ನೀರಿನೊಳಗೆ ಇಟ್ಟು, ನನ್ನ ಕೈಯನ್ನು ಅಂದು ತಳ್ಳಿದ ಹಾಗೆಯೇ, ಮುಂದಕ್ಕೆ ಚಾಚಿದರು. ಗೆರೆ ದಾಟಿದ ಬೆರಳುಗಳಿಂದ ಹನಿ ತೊಟ್ಟಿಕ್ಕಿತು.

ಅತ್ತೆ ಬಾಗಿದರು.

"ಹೋಗಿ ಬಾ," ಎಂದರು. ನೀರು ಕೆಳಗಿನಿಂದ ಸಡಿಲವಾಗಿ, ಒಣ ಉಸುಕಿನ ಮೇಲೆ ಮೊದಲ ಹೆಜ್ಜೆಯಿಟ್ಟಿತು. ಅದು ತಿರುವು ದಾಟಿ ದನಿ ಪಡೆಯುವವರೆಗೆ ಅತ್ತೆ ನೋಡುತ್ತಲೇ ಇದ್ದರು. ಆಮೇಲೆ ಅದರ ಹಿಂದೆ ಕೂಗಿ ಹೇಳಿದರು, "ಮಳಿ ಆಗಿ ಬಾರವಾ! ನೀ ಬರೂತನಕಾ ನಾ ಇಲ್ಲೇ ಇರ್ತೀನಿ."